ಪ್ರವಾದಿಯ ನುಡಿ, ಕಾರ್ಣಿಕದ ಕಿವಿ

೨೦೨೧ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತಮುತ್ತ ನೆಲವು ಮತ್ತೆ ಮತ್ತೆ ಸದ್ದುಮಾಡಿ ನಡುಗಿದಾಗ, ೧೯೯೩ರ ಕಿಲ್ಲಾರಿ ಭೂಕಂಪದ ನೆನಪು ಇನ್ನೂ ಆರದಿದ್ದ ಜನ ಮನೆಯೊಳಗೆ ಮಲಗಲಂಜಿ ಬಯಲಿನಲ್ಲಿ ಇರುಳು ಕಳೆದರು. ಈ ಸೀಮೆಯಲ್ಲಿ ಇಂಥ ಹೊತ್ತಿಗೆ ಏಳುವ ಪ್ರಶ್ನೆ ಹೊಸದಲ್ಲ: ಇದು ಯಾರ ಪಾಪದ ಫಲ, ಇದನ್ನು ಮುಂಚೆಯೇ ನುಡಿದವರುಂಟೆ? ಬೀದರ, ಕಲಬುರಗಿಗಳ ಮೆಥೋಡಿಸ್ಟ್ ಸಭೆಗಳಲ್ಲಿ ಸತ್ಯವೇದವನ್ನು ಓದಿ ಬೆಳೆದವನಿಗೆ ಆಗ ಆಮೋಸನ ಗ್ರಂಥ ನೆನಪಾದರೆ ಆಶ್ಚರ್ಯವಿಲ್ಲ. ಅದರ ಆರಂಭದಲ್ಲಿಯೇ ಪ್ರವಾದಿಯ ಕಾಲವನ್ನು ಒಂದು ಭೂಕಂಪದಿಂದ ಎಣಿಸಿ, ಅದಕ್ಕೆ ಎರಡು ವರ್ಷ ಮೊದಲು ಅವನಿಗೆ ದರ್ಶನವಾಯಿತೆಂದು ಗುರುತಿಸಿದೆ.

ಆದರೆ ಆಮೋಸನ ಅಳಲು ನೆಲದ ನಡುಕವನ್ನು ಕುರಿತದ್ದಲ್ಲ. ಕ್ರಿಸ್ತಪೂರ್ವ ೮ನೆಯ ಶತಮಾನದಲ್ಲಿ, ಎರಡನೆಯ ಯಾರೊಬ್ಬಾಮನ ಆಳಿಕೆಯಲ್ಲಿ ಉತ್ತರದ ಇಸ್ರಾಯೇಲು ಸಿರಿಯಿಂದ ಬೀಗುತ್ತಿದ್ದಾಗ, ದಕ್ಷಿಣದ ತೆಕೋವದಲ್ಲಿ ಮಂದೆ ಕಾಯುತ್ತ ಅತ್ತಿಹಣ್ಣಿನ ಕೃಷಿಯಿಂದ ಹೊಟ್ಟೆ ಹೊರೆಯುತ್ತಿದ್ದ ಈ ಮನುಷ್ಯನು ಬೇತೇಲಿನ ರಾಜಪೋಷಿತ ದೇಗುಲದ ಮುಂದೆ ನಿಂತು ಆಡಿದ್ದು ಅಳತೆ ತೂಕಗಳ ಮಾತು: ಕೊಳಗವನ್ನು ಕಿರಿದುಮಾಡಿ ತೂಕದ ಕಲ್ಲನ್ನು ಹಿರಿದುಮಾಡಿದವರ, ಕಾಳಿನಲ್ಲಿ ಕಸ ಬೆರೆಸಿ ಮಾರಿದವರ, ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಕೊಂಡವರ ಮಾತು. ಅಡತ ಅಂಗಡಿಯ ಮುಂದೆ ತೊಗರಿಯ ಚೀಲ ಇಳಿಸಿ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತವನಿಗೆ ಇದಕ್ಕೆ ಭಾಷ್ಯ ಬೇಕಿಲ್ಲ. ಕೆತ್ತಿದ ಕಲ್ಲಿನಿಂದ ಮನೆ ಕಟ್ಟಿಕೊಂಡವರು ಅದರಲ್ಲಿ ಬಾಳಲಾರರೆಂಬ ಅವನ ಎಚ್ಚರಿಕೆಯಾಗಲಿ, ಓರೆಯಾದ ಗೋಡೆಯಂಥ ಜನಾಂಗದ ನಡುವೆ ದೇವರು ನೂಲುಗುಂಡು ಇಳಿಬಿಡುವ ಅವನ ದರ್ಶನವಾಗಲಿ, ಶಹಾಬಾದಿನ ಕಲ್ಲುಗಣಿಗಳಲ್ಲಿ ದುಡಿದ ಕೈಗಳಿಗೆ ಪರದೇಶದ ಮಾತಾಗಿ ಕೇಳಿಸದು.

ಹಾಗಿದ್ದೂ ಪ್ರವಾದಿಗಳ ಈ ಗ್ರಂಥಗಳ ಮುಂದೆ ನಾವು ಎಡವುತ್ತೇವೆ. ಎಡವುವುದು ಅಜ್ಞಾನದಿಂದಲ್ಲ, ಒಂದು ಅಭ್ಯಾಸದಿಂದ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕದ ಒಂದೇ ಒಂದು ವಾಕ್ಯಕ್ಕಾಗಿ ಸಾವಿರಾರು ಜನ ಉಸಿರು ಬಿಗಿಹಿಡಿದಿರುತ್ತಾರೆ. ಅದು ಮಳೆಗೋ, ಬೆಳೆಗೋ, ಅರಸೊತ್ತಿಗೆಗೋ ಎಂದು ಆಮೇಲೆ ಊರೂರಿನಲ್ಲಿ ಚರ್ಚೆ. ಸುರಪುರದ ಕಡೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯೋ ಕಾಲಜ್ಞಾನಕ್ಕೇ ಹೆಸರಾದುದು. ಇವನ್ನು ನಾನು ಹಳಿಯುತ್ತಿಲ್ಲ. ಆದರೆ ಕಾರ್ಣಿಕಕ್ಕೆ ಪಳಗಿದ ಕಿವಿಯನ್ನೇ ಯೆಶಾಯನಿಗೂ ಯೆರೆಮೀಯನಿಗೂ ಕೊಟ್ಟೆವಾದರೆ, ಮುಂದಾಗುವುದರ ಪಟ್ಟಿಯೊಂದೇ ನಮ್ಮ ಕೈಗೆ ಸಿಕ್ಕಿ, ಆಡಿದ ಬಾಯಿಯೂ ಬೈಸಿಕೊಂಡ ಮುಖವೂ ಮರೆಯಾಗುತ್ತವೆ. ಕನ್ನಡಕ್ಕೆ ಸತ್ಯವೇದವನ್ನು ತಂದವರು ಆರಿಸಿಕೊಂಡ ‘ಪ್ರವಾದಿ’ ಎಂಬ ಪದದಲ್ಲಿ ಭವಿಷ್ಯದ ಸುಳಿವೇ ಇಲ್ಲ. ಇರುವುದು ವಾದ, ಎಂದರೆ ಮಾತು. ಹೀಬ್ರೂವಿನ ‘ನಾವೀ’ ಎಂಬುದೂ ನಮ್ಮೂರಿನ ನಬಿಸಾಬನ ಹೆಸರಿನೊಳಗಿನ ಅರಬ್ಬಿಯ ‘ನಬಿ’ಯೂ ಒಂದೇ ಬೇರಿನವು. ಹೀಬ್ರೂ ಸಂಪ್ರದಾಯವು ಯೆಹೋಶುವ, ನ್ಯಾಯಸ್ಥಾಪಕರು, ಸಮುವೇಲ, ಅರಸುಗಳು ಎಂಬ ಚರಿತ್ರೆಯ ಪುಸ್ತಕಗಳನ್ನು ಪ್ರವಾದಿಗಳ ಸಾಲಿಗೆ ಸೇರಿಸಿ, ಮುಂಬರುವ ಸಾಮ್ರಾಜ್ಯಗಳ ಕನಸುಗಳುಳ್ಳ ದಾನಿಯೇಲನನ್ನು ಆ ಸಾಲಿನ ಹೊರಗಿಟ್ಟಿರುವುದು ಗಮನಿಸತಕ್ಕ ಸಂಗತಿ.

ಹಾಗಾದರೆ ವಚನದ ಕಿವಿಯಿಂದ ಕೇಳೋಣವೆಂದು ಯಾರಾದರೂ ಹೇಳಿಯಾರು. ಕಲ್ಯಾಣಕ್ಕೆ ಇಷ್ಟು ಸಮೀಪದಲ್ಲಿರುವವರಿಗೆ ಅದು ಸಹಜವೂ ಅಹುದು. ಪೂಜೆಯ ಸಡಗರಕ್ಕಿಂತ ನಡತೆಯ ಶುದ್ಧಿ ದೊಡ್ಡದೆಂಬಲ್ಲಿ ಶರಣರೂ ಆಮೋಸನೂ ಕೈಹಿಡಿದು ನಡೆಯಬಲ್ಲರು. ಆದರೂ ಸಾಮ್ಯವು ಎಷ್ಟು ಸುಲಭವಾಗಿ ಒದಗುವುದೋ ಅಷ್ಟು ಸಂಶಯದಿಂದ ಅದನ್ನು ನೋಡಬೇಕೆಂಬುದು ನನ್ನ ಪಕ್ಷ. ಶರಣನು ತನ್ನ ಅನುಭವವನ್ನು ನುಡಿದು ಕೊನೆಗೆ ದೇವರ ಅಂಕಿತವನ್ನು ಇಡುತ್ತಾನೆ. ಪ್ರವಾದಿಯಾದರೋ ಯೆಹೋವನು ಹೀಗೆನ್ನುತ್ತಾನೆಂದು ಅಂಕಿತದಿಂದಲೇ ಆರಂಭಿಸುತ್ತಾನೆ. ಒಬ್ಬನ ಮಾತು ದೇವರ ಕಡೆಗೆ ಏರುವುದು, ಇನ್ನೊಬ್ಬನದು ದೇವರ ಕಡೆಯಿಂದ ಇಳಿದು ಊರಿನ ಮೇಲೆ ಬೀಳುವುದು. ಆದುದರಿಂದಲೇ ಬೇತೇಲಿನ ಯಾಜಕ ಅಮಚ್ಯನು ಆಮೋಸನ ಮಾತುಗಳನ್ನು ದೇಶವು ತಾಳಲಾರದೆಂದು ಅರಸನಿಗೆ ದೂರಿತ್ತು, ನಿನ್ನ ನಾಡಿಗೆ ಹೋಗಿ ಅಲ್ಲಿ ಹೊಟ್ಟೆ ಹೊರೆದುಕೋ ಎಂದು ಇವನನ್ನು ಗದರಿಸಿದುದು. ಆಮೋಸನು ಕೊಟ್ಟ ಉತ್ತರವೂ ವಿಚಿತ್ರ: ತಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲವಂತೆ.

ಭವಿಷ್ಯದ ಮಾತು ಪ್ರವಾದಿಗಳಲ್ಲಿ ಇಲ್ಲವೇ ಇಲ್ಲವೆಂದರೆ ಅದೂ ತಪ್ಪಾದೀತು. ಉಂಟು, ಆದರೆ ಅದಕ್ಕೊಂದು ‘ಆದರೆ’ ಅಂಟಿಕೊಂಡೇ ಇರುತ್ತದೆ. ಕುಂಬಾರನ ತಿಗುರಿಯ ಮೇಲೆ ಕೆಟ್ಟ ಮಣ್ಣು ಮತ್ತೆ ಬೇರೊಂದು ಪಾತ್ರೆಯಾಗುವುದನ್ನು ಕಂಡು ಯೆರೆಮೀಯನು ತಿಳಿದುದಿಷ್ಟೇ: ಕೆಡಹುವೆನೆಂದು ಸಾರಿದ ಜನಾಂಗವು ತಿರುಗಿಕೊಂಡರೆ ಸಾರಿದವನೂ ಮನಸ್ಸನ್ನು ತಿರುಗಿಸಿಕೊಳ್ಳುವನು. ಕಾರ್ಣಿಕವು ನಿಜವಾದರೆ ಗೆದ್ದಂತೆ. ಪ್ರವಾದಿಯ ಶಾಪವು ಸುಳ್ಳಾದಾಗಲೇ ಅದು ಸಾರ್ಥಕ.

ಇದನ್ನು ಅರಗಿಸಿಕೊಳ್ಳಲಾರದವನು ಸ್ವತಃ ಒಬ್ಬ ಪ್ರವಾದಿ. ನಾಲ್ವತ್ತು ದಿನಗಳಲ್ಲಿ ನಿನೆವೆಯು ಕೆಡಹಲ್ಪಡುವುದೆಂದು ಯೋನನು ಸಾರಿದ, ಊರು ಗೋಣಿತಟ್ಟು ಉಟ್ಟಿತು, ದನಕರುಗಳಿಗೂ ಮೇವು ನೀರು ನಿಂತವು, ದೇವರು ಕೆಡಹಲಿಲ್ಲ. ತನ್ನ ಮಾತು ಹುಸಿಯಾಯಿತೆಂಬ ಸಿಟ್ಟಿನಿಂದ ಯೋನನು ಊರ ಹೊರಗೆ ಹೋಗಿ ಒಂದು ಗಿಡದ ನೆರಳಿನಲ್ಲಿ ಕುಳಿತ. ಹಲವು ಪಂಡಿತರು ಅದನ್ನು ನಮ್ಮ ಹೊಲಗಳ ಅಂಚಿನ ಔಡಲವೆಂದು ಊಹಿಸಿದ್ದಾರೆ. ಮರುದಿನ ಹುಳು ಹತ್ತಿ ಗಿಡ ಒಣಗಿತು, ಯೋನನು ಸಾಯುವುದೇ ಲೇಸೆಂದ. ನೀನು ನೆಡದ ಗಿಡಕ್ಕೆ ನೀನು ಮರುಗುವೆ; ಎಡಬಲ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರ ಮಂದಿಯಿರುವ ಊರಿಗೆ ನಾನು ಮರುಗಬಾರದೆ ಎಂದು ದೇವರು ಕೇಳುತ್ತಾನೆ. ಯೋನನ ಉತ್ತರ ಬರೆದಿಲ್ಲ. ಹೀಬ್ರೂವಿನಲ್ಲಿ ಆ ಪ್ರಶ್ನೆ ಮುಗಿಯುವುದು ಮನುಷ್ಯರ ಮಾತಿನಿಂದಲ್ಲ, ಆ ಊರಿನ ಬಹಳವಾದ ದನಕರುಗಳ ಮಾತಿನಿಂದ.