ಇಂದಿನ ಧಮ್ಮ ಚಿಂತನೆ: ಹಕ್ಕಿಯ ನಂಬಿಕೆ, ನಮ್ಮ ಅಭಯದಾನ

 

ಕಳೆದ ಭಾನುವಾರ ಯುವಕರೊಬ್ಬರು ಕೇಳಿದರು: "ಪಂಚಶೀಲ ತೆಗೆದುಕೊಂಡವರು ಮನೆಯಲ್ಲಿ ಗಿಳಿ ಸಾಕಬಹುದಾ ಮಾಷ್ಟ್ರೇ?" ಪ್ರಶ್ನೆ ಎಲ್ಲರಿಗೂ ಹಾಕಿದ್ದಾದರೂ ಉತ್ತರ ಕೊಡಬೇಕಾದವನು ನಾನೇ. ನಮ್ಮ ಮನೆಗೆ ಒಂದು ಹಕ್ಕಿ ಬಂದದ್ದು ನಿಮಗೆಲ್ಲ ಗೊತ್ತಿದೆ. ಅಲ್ಲಿ ಸಮಯ ಸಾಲಲಿಲ್ಲ, ಇಲ್ಲಿ ಬರೆಯುತ್ತೇನೆ.

ಮೊದಲು ಕಾನೂನಿನ ಮಾತು. ನಮ್ಮ ತೋಟಕ್ಕೆ ಬರುವ ಹಸಿರು ಗಿಳಿಯಾಗಲಿ, ಬೇರೆ ಯಾವುದೇ ದೇಶೀ ಗಿಳಿಯಾಗಲಿ, ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ರೆಕ್ಕೆ ಕತ್ತರಿಸಿ, ಜಾತ್ರೆಯಲ್ಲಿ ಕಾರ್ಡು ಎತ್ತಿಸುವ ಗಿಳಿಶಾಸ್ತ್ರವಂತೂ ಎರಡು ಪಟ್ಟು ತಪ್ಪು. ಹಕ್ಕಿಗೆ ಹಿಂಸೆ, ಮನುಷ್ಯನಿಗೆ ಮೂಢನಂಬಿಕೆ. ನಮ್ಮಲ್ಲಿರುವುದು ಕಾಕಟೀಲ್, ಆಸ್ಟ್ರೇಲಿಯಾ ಮೂಲದ ಗಿಳಿ ಜಾತಿಯದು. ಬೂದು ಮೈ, ಹಳದಿ ಮುಖ, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು, ತಲೆ ಮೇಲೆ ಜುಟ್ಟು. ಬೈಂದೂರಿನ ಪರಿಚಿತ ಕುಟುಂಬವೊಂದು ಬೆಂಗಳೂರಿಗೆ ಹೋಗುವಾಗ ಒಯ್ಯಲಾಗದೆ ಬಿಟ್ಟದ್ದು. ವಯಸ್ಸು 11. ಚೆನ್ನಾಗಿ ನೋಡಿಕೊಂಡರೆ ಇವು ಹದಿನೈದು ಇಪ್ಪತ್ತು ವರ್ಷ ಬದುಕುತ್ತವೆ. ಅಂದರೆ ನಮ್ಮ ಮನೆಗೆ ಬಂದದ್ದು ಮರಿಯಲ್ಲ, ನಡುವಯಸ್ಸು ದಾಟಿದ ಒಬ್ಬ ಸಂಸಾರಸ್ಥ.

"ಹಾರಿ ಬಿಟ್ಟರೆ ಪುಣ್ಯ ಅಲ್ವಾ?" ಅಂತ ಕೇಳಿದವರೂ ಇದ್ದಾರೆ. ಪುಣ್ಯ ಅವರಿಗೆ, ಸಾವು ಹಕ್ಕಿಗೆ. ಪಂಜರದಲ್ಲೇ ಹುಟ್ಟಿದ ಪರದೇಶದ ಹಕ್ಕಿಗೆ ಇಲ್ಲಿನ ಕಾಡಲ್ಲಿ ಏನು ತಿನ್ನಬೇಕು ಗೊತ್ತಿಲ್ಲ, ಕಾಗೆ ಗಿಡುಗದಿಂದ ತಪ್ಪಿಸಿಕೊಳ್ಳಲೂ ಬಾರದು. ಅಂಗಡಿಯಿಂದ ಹೊಸ ಹಕ್ಕಿ ಕೊಂಡು ತರುವುದು ನನಗೆ ಒಪ್ಪಿಗೆಯಿಲ್ಲ. ದಿಕ್ಕಿಲ್ಲದ್ದನ್ನು ಇಟ್ಟುಕೊಳ್ಳುವುದು ಬೇರೆ ಮಾತು. ಆದರೂ ಪಂಜರ ಪಂಜರವೇ, ಅದನ್ನು ಮುಚ್ಚಿಡುವುದಿಲ್ಲ.

ಬಂದ ಮೊದಲ ದಿನಗಳಲ್ಲಿ ಕೈ ಹತ್ತಿರ ಹೋದರೆ ಜುಟ್ಟನ್ನು ತಲೆಗೆ ಅಂಟಿಸಿ, ಹಾವಿನಂತೆ ಬುಸುಗುಟ್ಟುತ್ತಿತ್ತು. ಕಾಕಟೀಲ್‌ನ ಮನಸ್ಸೆಲ್ಲ ಜುಟ್ಟಿನಲ್ಲಿದೆ. ನೆಟ್ಟಗೆ ನಿಂತರೆ ಬೆಚ್ಚಿದೆ ಎಂದರ್ಥ, ಪೂರ್ತಿ ಚಪ್ಪಟೆಯಾದರೆ ಭಯ ಇಲ್ಲವೇ ಸಿಟ್ಟು, ಅರ್ಧ ಬಾಗಿದ್ದರೆ ಸಮಾಧಾನ. ರಸ್ತೆಯಲ್ಲಿ ಸ್ಕೂಟರ್ ಹೋದರೆ ಸಾಕು, ಆ ಬದಿಯ ಸರಳಿಗೆ ಹತ್ತಿ ಜೋರಾಗಿ ಕೂಗುತ್ತಿತ್ತು. ಹಳೆಯ ಯಜಮಾನರು ಸ್ಕೂಟರಿನಲ್ಲೇ ಮನೆಗೆ ಬರುತ್ತಿದ್ದರಂತೆ. ಗುಂಪಿನಲ್ಲಿ ಬಾಳುವ ಹಕ್ಕಿಗಳು ಕಣ್ಣಿಗೆ ಕಾಣದ ಸಂಗಾತಿಯನ್ನು ಕೂಗಿ ಕರೆಯುತ್ತವೆ. ಇದಕ್ಕೆ ಉತ್ತರ ಕೊಡುವವರು ಬೆಂಗಳೂರಿನಲ್ಲಿದ್ದರು.

ನಾನು ಮಾಡಿದ್ದು ಬಹಳ ಕಡಿಮೆ. ಎಲ್ಲ ದಿಕ್ಕಿನಿಂದಲೂ ಜನ ಬಂದರೆ ಹಕ್ಕಿ ಕಂಗೆಡುತ್ತದೆ, ಹಾಗಾಗಿ ಪಂಜರದ ಬೆನ್ನನ್ನು ಗೋಡೆಗೆ ತಾಗಿಸಿಟ್ಟೆ. ತಿನ್ನುತ್ತಿದ್ದ ಹಳೆಯ ಕಾಳನ್ನೇ ಮುಂದುವರಿಸಿದೆ. ನುಣುಪಾದ ಪ್ಲಾಸ್ಟಿಕ್ ಕೋಲಿನ ಬದಲು ಅಡಿಗಾಲಿಗೆ ಹಿತವಾಗಲೆಂದು ದಪ್ಪ ಸಣ್ಣ ಸೇರಿದ ಪೇರಳೆ ಕೊಂಬೆ ಕಟ್ಟಿದೆ. ಕತ್ತಲಲ್ಲಿ ಬೆಚ್ಚಿ ರೆಕ್ಕೆ ಬಡಿದು ಗಾಯ ಮಾಡಿಕೊಳ್ಳುವುದು ಈ ಜಾತಿಯ ಸ್ವಭಾವ. ನಮ್ಮ ಮಳೆಗಾಲದ ಗುಡುಗು ಬೇರೆ. ರಾತ್ರಿ ಸಣ್ಣ ದೀಪ ಉರಿಸಿಟ್ಟೆ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳನ್ನು ಕೊಲ್ಲುತ್ತದೆ ಎಂದು ತಿಳಿದು ಮನೆಯವರು ಅದನ್ನು ಅಟ್ಟಕ್ಕೆ ಹಾಕಿದರು. ಸಂಜೆ ಶಾಲೆಯಿಂದ ಬಂದು ಪಂಜರದಿಂದ ಐದಾರು ಅಡಿ ದೂರ, ಸ್ವಲ್ಪ ಓರೆಯಾಗಿ ಕೂತು ಮಕ್ಕಳ ನೋಟ್ ಪುಸ್ತಕ ತಿದ್ದಿದೆ. ಎದುರಾ ಎದುರು ದಿಟ್ಟಿಸುವುದು ಬೇಟೆಗಾರನ ನೋಟ. ವಾರಕ್ಕೊಮ್ಮೆ ಕುರ್ಚಿ ಒಂದು ಗೇಣು ಮುಂದೆ.

ಇದಕ್ಕೆ ಅಡ್ಡದಾರಿ ಇದೆ, ಕೆಲವರು ಹೇಳಿಯೂ ಕೊಟ್ಟರು. ಟವೆಲಿನಲ್ಲಿ ಹಿಡಿದು, ಕೊಸರಾಡುವುದು ನಿಲ್ಲಿಸುವ ತನಕ ಕೈಯಲ್ಲೇ ಇಟ್ಟುಕೊಂಡರೆ "ಪಳಗುತ್ತದೆ" ಎಂದು. ಹೌದು, ಸುಮ್ಮನಾಗುತ್ತದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂದು ಕಲಿತು ಸುಮ್ಮನಾಗುತ್ತದೆ. ಅದನ್ನು ನಂಬಿಕೆ ಎನ್ನುವುದು ಹೇಗೆ?

ಇಲ್ಲಿ ನಿಲ್ಲೋಣ. ಮನುಷ್ಯರನ್ನು ಹಕ್ಕಿಗೆ ಹೋಲಿಸುವುದು ನನಗೆ ಇಷ್ಟವಿಲ್ಲ. ದನಕರುಗಳಿಗೆ ಮುಕ್ತವಾಗಿದ್ದ ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಲು ನಮ್ಮವರಿಗೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಮುಂದೆ ನಡೆಯಬೇಕಾಯಿತು. ಹೋಲಿಸುತ್ತಿರುವುದು ಕೈಗಳನ್ನು, ಹಿಡಿಯುವ ಕೈಗಳನ್ನು. "ನಮ್ಮೂರಲ್ಲಿ ಹಿಂದೆ ಎಲ್ಲರೂ ಅನ್ಯೋನ್ಯವಾಗಿದ್ದರು, ಯಾರೂ ಎದುರು ಮಾತಾಡುತ್ತಿರಲಿಲ್ಲ" ಎಂದು ಹೇಳುವವರನ್ನು ಕುಂದಾಪುರದಿಂದ ಬ್ರಹ್ಮಾವರದವರೆಗೆ ಎಲ್ಲಿಯೂ ಕೇಳಬಹುದು. ಅಂಗಳದ ಆಚೆ ನಿಂತವರ ಮೌನವನ್ನು ಅವರು ಅನ್ಯೋನ್ಯತೆ ಎಂದು ಓದಿದರು. ನಮ್ಮ ಕರಾವಳಿಯ ಕೊರಗ ಬಂಧುಗಳಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ ಕಾಯ್ದೆ ಬಂದದ್ದು 2000ರಲ್ಲಿ. "ಸೌಲಭ್ಯ ಕೊಟ್ಟರೂ ಇವರು ನಂಬುವುದಿಲ್ಲ, ದೂರ ದೂರ ನಿಲ್ಲುತ್ತಾರೆ" ಎಂದು ಗೊಣಗುವವರು ಆ ಕಾಯ್ದೆಯ ವ್ಯಾಖ್ಯೆಯನ್ನು ಒಮ್ಮೆ ಓದಲಿ. ಅನ್ನ ಹಿಡಿದು ಬಂದ ಕೈಯನ್ನು ಅನುಮಾನಿಸುವುದಕ್ಕೆ ಅವರಿಗೆ ತಲೆಮಾರುಗಳ ಕಾರಣವಿದೆ. ಆ ಅನುಮಾನ ವಿವೇಕ, ಅದನ್ನು ರೋಗ ಎನ್ನಬೇಡಿ.

ಬುದ್ಧರು ಈ ವಿವೇಕವನ್ನು ತಮ್ಮ ಮೇಲೆಯೇ ಪ್ರಯೋಗಿಸಲು ಹೇಳಿದರು. ಮಜ್ಝಿಮ ನಿಕಾಯದ 47ನೆಯದು ವೀಮಂಸಕ ಸುತ್ತ. ತಥಾಗತನನ್ನೂ ಪರೀಕ್ಷಿಸಿ ನೋಡಿ ಎನ್ನುತ್ತಾರೆ ಅಲ್ಲಿ. ಕಣ್ಣಿಗೆ ಕಂಡದ್ದರಿಂದ, ಕಿವಿಗೆ ಕೇಳಿದ್ದರಿಂದ ತಿಳಿಯಿರಿ. ಈ ಒಳ್ಳೆಯತನ ಬಹುಕಾಲದ್ದೋ ಇತ್ತೀಚಿನದೋ ನೋಡಿ. ಹಾಗೆ ನೋಡಿ ಹುಟ್ಟಿದ ಶ್ರದ್ಧೆಯೇ ಗಟ್ಟಿ. ಪಾಲಿಯಲ್ಲಿ ಅದಕ್ಕೆ ಆಕಾರವತೀ ಸದ್ಧಾ ಎಂದು ಹೆಸರು, ಕಾರಣವುಳ್ಳ ಶ್ರದ್ಧೆ. ಗಿಳಿಪಾಠದ ಶ್ರದ್ಧೆ ಅವರಿಗೆ ಬೇಡವಾಗಿತ್ತು. ನನ್ನ ಕಾಕಟೀಲ್ ತಲೆ ವಾಲಿಸಿ ಒಂದೇ ಕಣ್ಣಿನಿಂದ ನನ್ನನ್ನು ತಿಂಗಳುಗಟ್ಟಲೆ ನೋಡಿದ್ದು ಇದೇ ವೀಮಂಸೆ ಅಂತ ನನಗೆ ಅನಿಸುತ್ತದೆ. ನಗಬೇಡಿ.

ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ದೇವದತ್ತ ಹೊಡೆದ ಹಕ್ಕಿಯ ಪ್ರಸಂಗ ನಿಮಗೆ ನೆನಪಿರಬೇಕು. ಹಕ್ಕಿ ಕೊಲ್ಲಬಂದವನದಲ್ಲ, ಕಾಪಾಡಿದವನದು ಎಂದು ತೀರ್ಪಾಯಿತು. ಮಕ್ಕಳಿಗೆ ಈ ಕಥೆ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು, "ಹಕ್ಕಿಯನ್ನು ಯಾರೂ ಕೇಳಲಿಲ್ವಾ ಸರ್?" ಕಾಪಾಡಿದವನಿಗೆ ಹಕ್ಕು ಸಿಕ್ಕಿತು, ಸರಿ. ಆದರೆ ಬಾಣ ತಾಗಿದ ಹಕ್ಕಿಗೆ ಸಿದ್ಧಾರ್ಥನ ಕೈಯೂ ಆ ಕ್ಷಣ ಒಂದು ಕೈಯೇ.

ಅಂಗುತ್ತರ ನಿಕಾಯದ ಅಭಿಸಂದ ಸುತ್ತದಲ್ಲಿ ಪಂಚಶೀಲಗಳನ್ನು ಐದು ಮಹಾದಾನಗಳೆಂದು ಕರೆದಿದ್ದಾರೆ. ಪ್ರಾಣಹಿಂಸೆ ಬಿಟ್ಟವನು ಲೆಕ್ಕವಿಲ್ಲದ ಜೀವಿಗಳಿಗೆ ಅಭಯ ಕೊಡುತ್ತಾನೆ, ಆ ಅಭಯದಲ್ಲಿ ತಾನೂ ಪಾಲುದಾರನಾಗುತ್ತಾನೆ. 1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷೆಯಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಎಲ್ಲ ಜೀವಿಗಳ ಮೇಲೆ ಕರುಣೆ ತೋರಿ ಪಾಲಿಸುತ್ತೇನೆ ಎಂಬುದೊಂದಿದೆ. ದಾನ ಎಂದ ಮೇಲೆ ಕೊಟ್ಟು ಸುಮ್ಮನಿರಬೇಕು. ಹೆದರಬೇಡ ಎಂದು ಹೇಳಿ, ಮರುಕ್ಷಣ ಕೈ ಮೇಲೆ ಬಂದು ಕೂರು ಎಂದರೆ ಅದು ವ್ಯಾಪಾರ.

ಆದ್ದರಿಂದ ಯುವಕರಿಗೆ ನನ್ನ ಉತ್ತರ: ಬಿಟ್ಟುಹೋದ ಹಕ್ಕಿಯನ್ನು ಇಟ್ಟುಕೊಳ್ಳಬಹುದು, ಅದು ನಿಮ್ಮನ್ನು ಎಂದೂ ಪ್ರೀತಿಸದಿದ್ದರೂ ನೋಡಿಕೊಳ್ಳುತ್ತೇನೆ ಎಂಬ ಧೈರ್ಯವಿದ್ದರೆ.

ಹೇಗಿದೆ ಎಂದು ವಿಚಾರಿಸುವವರಿಗಾಗಿ: ಈಗ ಐದನೇ ತಿಂಗಳು. ಸಂಜೆ ಕಿಟಕಿ ಹಾಕಿ, ಫ್ಯಾನ್ ನಿಲ್ಲಿಸಿ ಪಂಜರದ ಬಾಗಿಲು ತೆಗೆಯುತ್ತೇವೆ. ಬೇಕಾದರೆ ಹೊರಗೆ ಬರುತ್ತದೆ, ಬೇಡವಾದರೆ ಇಲ್ಲ. ನವಣೆ ತೆನೆಯನ್ನು ನನ್ನ ಬೆರಳಿನಿಂದ ಕಿತ್ತು ತಿನ್ನುತ್ತದೆ, ಕೈ ಮೇಲೆ ಇನ್ನೂ ಕೂತಿಲ್ಲ. ಸ್ಕೂಟರ್ ಸದ್ದಿಗೆ ಈಗಲೂ ಒಮ್ಮೊಮ್ಮೆ ಕೂಗುತ್ತದೆ. ನಾನು ಸಿಳ್ಳೆ ಹಾಕಿ ಉತ್ತರ ಕೊಡುತ್ತೇನೆ.

ಬರುವ ಭಾನುವಾರ ವೀಮಂಸಕ ಸುತ್ತವನ್ನೇ ಓದೋಣ. ಬೈಂದೂರು ಕಡೆಯವರು ಒಟ್ಟಿಗೆ ಒಂದೇ ಗಾಡಿಯಲ್ಲಿ ಬಂದರೆ ಖರ್ಚು ಕಡಿಮೆ.

ಜೈಭೀಮ್.