ಬೀಜವನ್ನು ಹೊತ್ತು ಹೊರಟವರು

(ಓದತಕ್ಕ ಭಾಗ: ಇಬ್ರಿಯ 11:8-16)



ಅಬ್ರಹಾಮನು ದೇವರ ಕರೆಗೆ ಓಗೊಟ್ಟು, ತಾನು ಸೇರತಕ್ಕ ಸೀಮೆಯನ್ನು ಅರಿಯದೆಯೇ ಹೊರಟನೆಂದು ಬಲ್ಲೆವು. ಆದರೆ ಅವನು ಒಬ್ಬನೇ ಹೊರಡಲಿಲ್ಲ. ಮನೆಯವರನ್ನು ಕರಕೊಂಡು ಹೋದನು, ಇಳಿದುಕೊಂಡ ಸ್ಥಳಗಳಲ್ಲಿ ಯಜ್ಞವೇದಿಯನ್ನು ಕಟ್ಟಿದನು. ಹಾಗೆಯೇ ಹೊರಟ ಒಂದು ಜನದ ಚರಿತ್ರೆಯನ್ನು ಈಗ ಆಲೋಚಿಸೋಣ.

ಮೆನ್ನೊನೈಟರೆಂಬವರು, ಕ್ರಿಸ್ತನ ಶಿಷ್ಯರು ಕತ್ತಿಯನ್ನು ಹಿಡಿಯಬಾರದೆಂದು ನಂಬಿದ ಒಕ್ಕಲುಮಕ್ಕಳು. ರುಷ್ಯಾ ದೇಶದ ರಾಣಿ ಕ್ಯಾಥರೀನಳು 1763ರಲ್ಲಿ ಪರದೇಶದ ರೈತರನ್ನು ತನ್ನ ರಾಜ್ಯಕ್ಕೆ ಕರೆದಳು. ಸೈನ್ಯಸೇವೆಯಿಂದ ಬಿಡುಗಡೆಯ ಮಾತನ್ನು ಪಡೆದು, ಇವರು 1789ರಿಂದ ಆ ರಾಜ್ಯದ ದಕ್ಷಿಣ ಸೀಮೆಯಲ್ಲಿ ನೆಲೆಗೊಂಡರು. ಆ ಸೀಮೆಯು ಈಗ ಉಕ್ರೇನ್ ದೇಶಕ್ಕೆ ಸೇರಿದೆ. ಆದರೆ ಗಂಡಸರೆಲ್ಲರೂ ಸೈನ್ಯಸೇವೆಗೆ ಒಳಗಾಗಬೇಕೆಂಬ ಕಾನೂನು 1874ರಲ್ಲಿ ಹೊರಟಿತು. ಇದರ ಸುದ್ದಿಯನ್ನು ಮುಂಚೆಯೇ ಕೇಳಿ ಅವರು ಕಳವಳಗೊಂಡಿದ್ದರು. ಮೋಶೆಯು ಕಾನಾನಿಗೆ ಕಳುಹಿಸಿದವರಂತೆಯೇ 12 ಮಂದಿ ಪ್ರತಿನಿಧಿಗಳು 1873ರಲ್ಲಿ ಅಮೇರಿಕಾ ಖಂಡಕ್ಕೆ ಹೋಗಿ ನೆಲವನ್ನು ನೋಡಿಬಂದರು. ಮುಂದಿನ ಕೆಲವು ವರುಷಗಳಲ್ಲಿ ಸುಮಾರು 18,000 ಮಂದಿ ಕಟ್ಟಿದ ಮನೆಗಳನ್ನೂ ಉತ್ತ ಹೊಲಗಳನ್ನೂ ಬಿಟ್ಟು ಸಮುದ್ರ ದಾಟಿದರು.

ಅಲೆಕ್ಸಾಂಡರ್‌ವೋಲ್ ಎಂಬ ಊರಿನ ಸಭೆಯವರು ಚದರಿಹೋಗದೆ ತಮ್ಮ ಹಿರಿಯರೊಡನೆ ಕೂಡಿಯೇ ಹೊರಟರು. ಮುದುಕರೂ ಕೂಸುಗಳೂ ಸೇರಿ ಸುಮಾರು 800 ಮಂದಿ, 1874ರಲ್ಲಿ, ಎರಡು ಹಡಗುಗಳಲ್ಲಿ ಪ್ರಯಾಣಮಾಡಿದರು. ಅವರಲ್ಲಿ ಹೆಚ್ಚಿನವರು ಕಾನ್ಸಾಸ್ ಸೀಮೆಯ ಮರವಿಲ್ಲದ ಹುಲ್ಲುಬಯಲಿಗೆ ಬಂದರು. ಅದೇ ವರುಷ ಮಿಡತೆಯ ದಂಡು ಅಲ್ಲಿಯ ಬೆಳೆಯನ್ನು ತಿಂದುಹಾಕಿತ್ತು. ಸೌದೆಯಿಲ್ಲದ್ದರಿಂದ ಒಣಹುಲ್ಲನ್ನು ಒಲೆಗೆ ಹಾಕಿ ಅಡಿಗೆ ಮಾಡಿದರು. ಆ ನೆಲವು ಒಡೆಯರಿಲ್ಲದ ನೆಲವೂ ಆಗಿರಲಿಲ್ಲ. ಮೂಲನಿವಾಸಿಗಳಾದ ಕಾ ಎಂಬ ಜನರನ್ನು 1873ರಲ್ಲಿಯೇ ಸರಕಾರವು ಕಾನ್ಸಾಸಿನಿಂದ ಸಾಗಹಾಕಿತ್ತು. ಒಬ್ಬರಿಗೆ ಆಶ್ರಯವಾದ ಸೀಮೆ ಮತ್ತೊಬ್ಬರ ಕಣ್ಣೀರಿನ ಸೀಮೆಯಾಗಿತ್ತೆಂಬದನ್ನು ನಾವು ಮರೆಯಬಾರದು.

ಅವರು ತಂದ ಗಂಟುಗಳಲ್ಲಿ ಟರ್ಕಿ ಗೋಧಿಯೆಂಬ ಬೀಜವಿತ್ತು. ನಮ್ಮ ಹಿಂಗಾರಿ ಜೋಳದಂತೆ ಅದನ್ನು ಮಳೆಗಾಲ ಕಳೆದ ಮೇಲೆ ಬಿತ್ತುವವರಂತೆ ಅವರು ಚಳಿಗೆ ಮುಂಚೆ ಬಿತ್ತುವರು. ಮೊಳೆತ ಪೈರು ಚಳಿಗಾಲವೆಲ್ಲಾ ಹಿಮದ ಕೆಳಗೆ ಅಡಗಿದ್ದು, ಬೇಸಗೆಯ ಮೊದಲಲ್ಲಿ ತೆನೆ ತುಂಬುವದು. ತರುವಾಯ ಆ ಬೈಲುಸೀಮೆಯಲ್ಲೆಲ್ಲಾ ಆ ಗೋಧಿ ಹಬ್ಬಿತು.

ಮತ್ತೊಂದು ಬೀಜವನ್ನೂ ದೇವರು ಬೆಳೆಸಿದನು. ರುಷ್ಯಾದಲ್ಲಿ ಉಳಿದವರ ಸಭೆಯಿಂದ ಅಬ್ರಹಾಂ ಫ್ರೀಸನ್ ದಂಪತಿಗಳು 1889ರಲ್ಲಿ ನಿಜಾಮರ ರಾಜ್ಯಕ್ಕೆ ಬಂದು ನಲ್ಗೊಂಡದಲ್ಲಿ ಸೇವೆಮಾಡಿದರು. ಅಮೇರಿಕಾಕ್ಕೆ ಹೋದವರ ಸಭೆಯಿಂದ ಹೀಬರ್ಟ್ ದಂಪತಿಗಳೂ ಎಲಿಜಬೆತ್ ನ್ಯೂಫೆಲ್ಡ್ ಎಂಬ ಸಹೋದರಿಯೂ 1899ರಲ್ಲಿ ಅದೇ ರಾಜ್ಯಕ್ಕೆ ಬಂದರು. ನಮ್ಮ ಚಿಮ್ಮನಚೋಡವೂ ಚಿಂಚೋಳಿಯೂ ಆಗ ಆ ರಾಜ್ಯದಲ್ಲಿಯೇ ಇದ್ದವು. ಸೇಡಂ ಗಡಿಯಾಚೆ, ಹಿಂದಿನ ಮಹಬೂಬ್‌ನಗರ ಜಿಲ್ಲೆಯಲ್ಲಿ, ಆ ಸೇವೆಯಿಂದ ಹುಟ್ಟಿದ ಸಭೆಗಳು ಇಂದಿಗೂ ಉಂಟು. ಹೊರಟವರನ್ನೂ ಉಳಿದವರನ್ನೂ ಕರ್ತನು ಒಂದೇ ಹೊಲಕ್ಕೆ ಕರೆತಂದನು.

ಪ್ರಿಯರೇ, ನಮ್ಮ ಮನೆಗಳಿಂದಲೂ ಜನರು ಹೊರಡುತ್ತಾರೆ. ಮಳೆ ಕೈಕೊಟ್ಟಾಗ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕೂಲಿಗಾಗಿ ಹೋಗುತ್ತಾರೆ. ಹೊಟ್ಟೆಗಾಗಿ ಹೊರಡುವದು ಪಾಪವಲ್ಲ. ಯಾಕೋಬನ ಮಕ್ಕಳೂ ಧಾನ್ಯಕ್ಕಾಗಿ ಐಗುಪ್ತಕ್ಕೆ ಹೋದರು. ಆದರೆ ಗಂಟಿನಲ್ಲಿ ಏನನ್ನು ಕಟ್ಟಿಕೊಂಡಿದ್ದೇವೆ? ಹಿಟ್ಟೂ ಹಾಸಿಗೆಯೂ ಇದ್ದು ಪ್ರಾರ್ಥನೆ ಇಲ್ಲದಿದ್ದರೆ, ಮಗನು ಕೂಲಿಯ ಹಣವನ್ನು ಸೆರೆಯಂಗಡಿಗೆ ಕೊಟ್ಟರೆ, ಮಗಳ ಶಾಲೆ ನಿಂತುಹೋದರೆ, ನಾವು ಗಳಿಸಿದ್ದೇನು?

ಹೊರಡುವವರೇ, ಒಬ್ಬೊಬ್ಬರಾಗಿ ಚದರಬೇಡಿರಿ. ಸೇರಿದ ಊರಿನಲ್ಲಿ ಮೊದಲ ಭಾನುವಾರವೇ ಸಭೆಯನ್ನು ಹುಡುಕಿರಿ. ಸಿಕ್ಕದಿದ್ದರೆ ಎರಡು ಮನೆಯವರು ಕೂಡಿ ಪ್ರಾರ್ಥಿಸಿರಿ. ಉಳಿಯುವವರೇ, ಹೋದವರ ಮುದುಕ ತಾಯಿಗೆ ನೀರು ತಂದುಕೊಡಿರಿ. ಅವರ ಮಕ್ಕಳನ್ನು ನಿಮ್ಮ ಮನೆಯಲ್ಲಿಟ್ಟುಕೊಂಡು ಶಾಲೆಗೆ ಕಳುಹಿಸಿರಿ. ಆರಾಧನೆಯಲ್ಲಿ ಅವರ ಹೆಸರುಗಳನ್ನು ಹೇಳಿ ಬೇಡಿಕೊಳ್ಳಿರಿ. ಹಿಮದ ಕೆಳಗಿನ ಪೈರನ್ನು ಕಾಯುವ ದೇವರು ನಮ್ಮ ಮಕ್ಕಳನ್ನೂ ಕಾಯಲಿ. ಆಮೆನ್.