ಸೂರಿನ ಲೆಕ್ಕ

ಹೊಸ ಮನೆ ನೋಡಲು ಬಂದವರು ಮೊದಲು ಕೇಳುವುದು, "ಚದರಕ್ಕೆ ಎಷ್ಟು ಬಿತ್ತು?" ಎಂದು. ಗೃಹಪ್ರವೇಶದ ಊಟದ ಎಲೆ ಎತ್ತುವಷ್ಟರಲ್ಲಿ ಆ ಲೆಕ್ಕ ಮುಗಿದಿರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆ ಎಷ್ಟು ಕಾಯುತ್ತದೆ, ಹಗಲಲ್ಲೇ ದೀಪ ಹಾಕಬೇಕೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗಾಗಿ ಬಾಗಿಲಲ್ಲಿ ನಿಲ್ಲುವವರು ಯಾರು – ಈ ಲೆಕ್ಕ ಮಾತ್ರ ಮುಂದೆ ಮೂವತ್ತು ವರ್ಷ ನಡೆಯುತ್ತದೆ. ಅದನ್ನು ಯಾರೂ ಬರೆದಿಡುವುದಿಲ್ಲ. ತೀರಿಸುವವರು ಬಹುಮಟ್ಟಿಗೆ ಮನೆಯ ಹೆಂಗಸರು.

ಮೈಸೂರಿನಲ್ಲಿ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸುವಾಗ ಈ ಎರಡನೆಯ ಲೆಕ್ಕವನ್ನೂ ಮೊದಲೇ ಮಾಡೋಣವೆಂದು ನಾನು ಹಟ ಹಿಡಿದೆ. ಗೋಡೆಗೆ ಮಣ್ಣಿನ ಇಟ್ಟಿಗೆ ಆರಿಸಿದೆವು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ವಾರಗಟ್ಟಲೆ ನೀರು ಹಾಯಿಸಿ ಗಟ್ಟಿಮಾಡುವ ಈ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಬೇಕಿಲ್ಲ. ಅಷ್ಟು ಸೌದೆ ಉಳಿಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕಿಟಕಿಗಳಿಗೆ ಅಗಲವಾದ ಸಜ್ಜೆ, ಹಳೆಯ ಮನೆಗಳಲ್ಲಿದ್ದಂತೆ ನಡುಮನೆಗೊಂದು ಗವಾಕ್ಷಿ, ತಾರಸಿಯ ಮೇಲೆ ಬಿಸಿನೀರಿನ ಸೋಲಾರ್, ಮಳೆನೀರಿಗೆ ತೊಟ್ಟಿ ಇವೂ ಬಂದವು.

ಎಲ್ಲವನ್ನೂ ನೋಡಿದ ನನ್ನ ನಾದಿನಿ ಕೇಳಿದಳು: "ಬಿಲ್ಲು ಉಳಿಯುತ್ತೆ, ನೀರು ಉಳಿಯುತ್ತೆ, ಸರಿ ಅತ್ತಿಗೆ. ಆದ್ರೆ ಇದಕ್ಕೆ ಪರಿಸರ ಅಂತ ದೊಡ್ಡ ಹೆಸರು ಯಾಕೆ? ನಿಮ್ಮ ಲಾಭಕ್ಕೆ ತಾನೇ ಮಾಡಿಕೊಂಡಿದ್ದು?"

ಮಾತು ಚುರುಕ್ಕೆಂದಿತು. ತನಗೆ ಲಾಭವಾಗುವ ಕೆಲಸ ಒಳ್ಳೆಯ ಕೆಲಸವಾಗಲಾರದೇ? ಪುಣ್ಯವೆಂದರೆ ಮೈ ನೋಯಬೇಕು, ಹೊಟ್ಟೆ ಹಸಿಯಬೇಕು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಹೆಣ್ಣುಮಕ್ಕಳಿಗೆ ಈ ಪಾಠ ಇನ್ನೂ ಒಂದು ಪಟ್ಟು ಹೆಚ್ಚು. ಎಲ್ಲರದೂ ಆದ ಮೇಲೆ ತಳದ ಅನ್ನ ಉಂಡವಳೇ ಒಳ್ಳೆಯ ಗೃಹಿಣಿ. ಈ ಅಳತೆಗೋಲನ್ನು ನಾನು ಒಪ್ಪಲಾರೆ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917–2007) ಇಟ್ಟಿಗೆಗಳನ್ನು ಮಗ್ಗುಲಿಗೆ ನಿಲ್ಲಿಸಿ, ಗೋಡೆಯೊಳಗೆ ಪೊಳ್ಳು ಬಿಟ್ಟು ಕಟ್ಟಿಸುತ್ತಿದ್ದರು. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತಿತ್ತು, ಒಳಗೆ ತಂಪೂ ಇರುತ್ತಿತ್ತು. ಬಡವರ ಕಾಸು ಉಳಿಸಿದ್ದರಿಂದ ಆ ಕೆಲಸದ ಒಳ್ಳೆಯತನ ಕಡಿಮೆಯಾಯಿತೇ?

ಕೇಳಬೇಕಾದ ಪ್ರಶ್ನೆ ಬೇರೆ: ಲಾಭ ಬಂದದ್ದು ಯಾರ ಪಾಲಿನಿಂದ? ಎ.ಸಿ. ಒಂದು ಕೋಣೆಯನ್ನು ತಂಪು ಮಾಡಿ, ಒಳಗಿನ ಬಿಸಿಯನ್ನು ಓಣಿಗೆ ಉಗುಳುತ್ತದೆ. ಪಕ್ಕದವರಿಗಿಂತ ಆಳಕ್ಕೆ ಕೊಳವೆಬಾವಿ ಕೊರೆಸಿದರೆ ನಮಗೆ ನೀರು ಸಿಕ್ಕೀತು, ಅವರದು ಬತ್ತೀತು. ಲಾಭ ಅಲ್ಲಿಯೂ ಇದೆ, ಆದರೆ ಇನ್ನೊಬ್ಬರ ತಟ್ಟೆಯಿಂದ ತೆಗೆದದ್ದು. ಮಳೆಯ ಲೆಕ್ಕ ನೋಡಿ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಸುಮಾರು 80 ಚದರ ಮೀಟರ್. ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಸೋರಿಹೋದದ್ದು, ಆವಿಯಾದದ್ದು ಕಳೆದರೂ 50,000 ಲೀಟರಿಗೆ ಮೋಸವಿಲ್ಲ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ ಮೂರು ತಿಂಗಳ ನೀರು! ತೊಟ್ಟಿ ತುಂಬಿ ಮಿಕ್ಕಿದ್ದನ್ನು ಇಂಗುಗುಂಡಿಗೆ ಬಿಡುತ್ತೇವೆ. ನೆಲದೊಳಗೆ ಕಾಂಪೌಂಡ್ ಗೋಡೆ ಇಲ್ಲ. ಅದು ಯಾರ ಬಾವಿಗೆ ಸೇರುತ್ತದೋ ನಾವು ಕಂಡಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದ್ದನ್ನು ಓದಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಈ ಮನೆ ಕೆಲಸವನ್ನೇ ಬೇಡುವುದಿಲ್ಲವೆಂದಲ್ಲ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಬೇಕು, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು, ಶೋಧಕದ ಜಲ್ಲಿ ತೊಳೆಯಬೇಕು. ಪರಿಸರದ ಹೆಸರಿನಲ್ಲಿ ಸೊಸೆಯ ಬೆನ್ನಿಗೆ ಇನ್ನೊಂದು ಹೊರೆ ಏರಿದರೆ ಅದೂ ಇನ್ನೊಬ್ಬರ ತಟ್ಟೆಗೆ ಕೈಹಾಕಿದಂತೆಯೇ. ಅದಕ್ಕೇ ಶೋಧಕವನ್ನು ನೆಲಮಟ್ಟದಲ್ಲಿ, ಕೈಗೆಟಕುವಂತೆ ಇಡಿಸಿದೆ. ತಾರಸಿ ಗುಡಿಸುವುದು ನಮ್ಮವರ ಪಾಲು.

ನಾದಿನಿಯ ಪ್ರಶ್ನೆ ನಿಜವಾಗಿ ನನ್ನನ್ನು ಕಾಡಿದ್ದು ಮಹಡಿಯ ಮನೆಯ ವಿಷಯದಲ್ಲಿ. ಅದು ಬಾಡಿಗೆಗೆ. ಬಿಸಿಲು ನೆತ್ತಿಗೆ ಬಡಿಯುವುದು ಅಲ್ಲಿ, ಫ್ಯಾನು ತಿರುಗುವುದು ಅಲ್ಲಿ, ಕರೆಂಟಿನ ಬಿಲ್ಲು ಕಟ್ಟುವವರೂ ಅವರೇ. ತಾರಸಿಗೆ ಬಿಳಿ ಟೈಲ್ಸ್ ಚೂರು ಕೂರಿಸಿದರೆ ಬಿಸಿಲು ತಿರುಗಿಹೋಗಿ ಕೆಳಗೆ ಸೆಖೆ ತಗ್ಗುತ್ತದೆ. ಖರ್ಚು ನಮ್ಮದು, ತಂಪು ಅವರದು. "ಬಾಡಿಗೆ ಏನೂ ಹೆಚ್ಚು ಬರಲ್ಲವಲ್ಲ," ಎಂದರು ನಮ್ಮವರು. ಅವರ ಮಾತು ಸುಳ್ಳಲ್ಲ. ಎರಡು ದಿನ ನಾವಿಬ್ಬರೂ ಆ ಮಾತೆತ್ತಲಿಲ್ಲ.

ಮೂರನೆಯ ದಿನ ನಾನೇ ಅಂದೆ: "ಕೆಳಗಿನ ಮನೆಗೆ ಮಾಡಿದ್ದಕ್ಕೆ ಲಾಭವೇ ಕಾರಣ ಅನ್ನಲಿ ಬಿಡಿ. ಆದರೆ ನಮ್ಮ ಸೂರಿನ ಕೆಳಗೆ ಯಾರದೋ ಮಗು ಬೇಯುವಾಗ, ಬಿಲ್ಲು ನಮ್ಮದಲ್ಲ ಅಂತ ಸುಮ್ಮನಿರೋಕಾಗತ್ತಾ?" ಚೂರುಗಳನ್ನು ಕೂರಿಸಿದೆವು. ಬಾಡಿಗೆ ಏರಿಸಲಿಲ್ಲ.

ನೂರು ಮನೆಗಳಲ್ಲಿ ತೊಂಬತ್ತನ್ನು ಲಾಭದ ಮಾತೇ ಒಳ್ಳೆಯ ದಾರಿಗೆ ತರಬಲ್ಲದು, ಅದನ್ನು ಹೀಗಳೆಯಬೇಕಾದ್ದಿಲ್ಲ. ಆದರೆ ಲಾಭ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಆಗುವ ಜಾಗ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಅಲ್ಲಿ ಲೆಕ್ಕದ ಪುಸ್ತಕ ದಾರಿ ತೋರುವುದಿಲ್ಲ. ನೀವು ಮನೆ ಕಟ್ಟಿಸುವವರಾದರೆ, ಮೇಸ್ತ್ರಿಯ ಹತ್ತಿರ ಚದರದ ದರ ಕೇಳುವ ಮೊದಲು ಆ ಜಾಗ ಎಲ್ಲಿದೆಯೆಂದು ಹುಡುಕಿ. ಒಮ್ಮೊಮ್ಮೆ ಅದು ಮಹಡಿಯ ಮೇಲಿರುತ್ತದೆ, ಒಮ್ಮೊಮ್ಮೆ ನಮ್ಮದೇ ಅಡುಗೆಮನೆಯಲ್ಲಿ.